ಯಾವ ಪಾರ್ಟ್ ಭಾರಿ ಅಂತ ಕೇಳಬ್ಯಾಡ್ರಿ, ನೀರು ಕೇಳಿದಾಕಿ ಯಾರು ಅಂತ ಕೇಳ್ರಿ



ಮೊನ್ನೆ ಆಫೀಸಿನಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿ ಕುಂತಾಗ ಒಂದು ವಾದ ಎದ್ದಿತು. ‘ದಂಡುಪಾಳ್ಯ’ ಸಿನಿಮಾದ ಮೂರೂ ಪಾರ್ಟ್ ನೋಡಿದ ಹುಡುಗರು. ಒಬ್ಬ, “ಮೊದಲನೇದರ ಮುಂದ ಯಾವುದೂ ಇಲ್ಲ, ಆ ಅಂಜಿಕಿ ಮತ್ತ ಬರಲಿಲ್ಲ” ಅಂದ. ಇನ್ನೊಬ್ಬ, “ಎರಡನೇದರಾಗ ಅವರ ಕಡೆ ಕತಿನೂ ಐತಿ, ಅದ ಖರೇ ಸಿನಿಮಾ” ಅಂದ. ಮೂರನೆಯವ, “ಮೂರನೇದು ನೋಡಿದರ ಎರಡನೇದು ಸುಳ್ಳು ಅಂತ ಗೊತ್ತಾಗತೈತಿ” ಅಂದ. ಕಡೀಕ ನನ್ನ ಕಡೆ ತಿರುಗಿ, “ಸರ್, ನೀವ ಹೇಳ್ರಿ, ಯಾವುದು ಭಾರಿ?” ಅಂದರು.

ನಾನು ಡಬ್ಬಿ ತೊಳೆಯೋ ನೆವ ಮಾಡಿ ಎದ್ದುಹೋದೆ. ಅವತ್ತು ನುಂಗಿದ ಮಾತನ್ನು ಇಲ್ಲಿ ಹೇಳುತ್ತೇನೆ.

2018ರ ಬೇಸಿಗೆ. ನಮ್ಮವ್ವ ಮತ್ತು ಓಣಿಯ ಇಬ್ಬರು ಹೆಣ್ಣಮಕ್ಕಳು ಕಬ್ಬಿನಾಗ ಕಸ ತೆಗೆದು ವಾಪಸ್ ಬರುವಾಗ, ದಾರಿಯಲ್ಲಿನ ಹೊಸ ಮನೆಯೊಂದರ ಗೇಟ್ ಬಡಿದಿದ್ದಾರೆ. “ಅಕ್ಕಾರ, ಚೂರು ನೀರು ಕೊಡ್ರಿ” ಅಂದಿದ್ದಾರೆ. ಕಿಟಕಿಯಿಂದ ಒಂದು ಹುಡುಗಿ ಚೀರಿದಳು: “ಮಮ್ಮಿ, ದಂಡುಪಾಳ್ಯದವರು ಬಂದಾರ!” ಒಳಗಿನಿಂದ ನೀರು ಬರಲಿಲ್ಲ, ಮೊಬೈಲ್ ಬಂತು. ಅವತ್ತು ಸಂಜೆ ನನ್ನ ವಾಟ್ಸಾಪಿಗೆ ಒಂದು ಫೋಟೊ ಬಂತು. “ಮೂರು ಹೆಂಗಸರು ತಿರುಗಾಡಾಕತ್ಯಾರ, ಬಾಗಲಾ ತೆಗೀಬ್ಯಾಡ್ರಿ.” ತೆಗೆದು ನೋಡಿದರೆ ನಡುವೆ ನಿಂತಾಕಿ ನಮ್ಮವ್ವ! ಕಚ್ಚಿ ಹಾಕಿದ ಸೀರೆ, ಬಾಯಾಗ ಎಲಿ-ಅಡಿಕಿ, ಬಿಸಿಲಿಗೆ ಕರಿದಾದ ಮುಖ.

ಅವ್ವ ಕೇಳಿದ್ದು ಒಂದೇ ಮಾತು. “ನೀರು ಕೇಳೂದು ತಪ್ಪೇನಪಾ?”

ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಎಂಬ ವಾಟ್ಸಾಪ್ ಸುದ್ದಿ ನಂಬಿದ ಗುಂಪು ಹೈದರಾಬಾದಿನ ಎಂಜಿನಿಯರ್ ಒಬ್ಬನನ್ನು ಹೊಡೆದು ಕೊಂದಿತು. ಕಾರಿನಲ್ಲಿ ಬಂದವನಿಗೇ ಆ ಗತಿ. ಬರಿಗಾಲಲ್ಲಿ ಬಂದವರ ಗತಿ ಏನು? ನಮ್ಮವ್ವ ಜೀವಂತ ಮನೆಗೆ ಬಂದದ್ದೇ ಪುಣ್ಯ.

ಈಗ ಸಿನಿಮಾಕ್ಕೆ ಬರ್ತೀನಿ. 1978ರ ಅಮೆರಿಕದ ‘ಹ್ಯಾಲೋವೀನ್’ ಸಿನಿಮಾದಲ್ಲಿ ಕೊಲೆಗಾರ ಬಿಳಿ ಮುಖವಾಡ ಹಾಕಿಕೊಂಡು ಬರ್ತಾನೆ. ಸಿನಿಮಾ ಮುಗೀತು, ಅಂಜಿಕಿನೂ ಮುಗೀತು. ಆ ಮುಖವಾಡ ನಾಳೆ ಸಂತೆಯಲ್ಲಿ ಎದುರಾಗೋದಿಲ್ಲ. 2012ರಲ್ಲಿ ಶ್ರೀನಿವಾಸ್ ರಾಜು ‘ದಂಡುಪಾಳ್ಯ’ ತೆಗೆದಾಗ ಮುಖವಾಡವೇ ಬೇಕಾಗಲಿಲ್ಲ. ‘ಮುಂಗಾರು ಮಳೆ’ಯ ನಾಯಕಿ ಪೂಜಾ ಗಾಂಧಿಗೆ ಕಪ್ಪು ಬಳಿದರು, ಬಾಯಿಗೆ ಬೀಡಿ ಕೊಟ್ಟರು, ಸೀರೆ ಎತ್ತಿ ಕಟ್ಟಿಸಿದರು. ಅಷ್ಟಕ್ಕೇ ರಾಕ್ಷಸಿ ತಯಾರು. ಅಂದರೆ ಬಡ ಕೂಲಿ ಹೆಂಗಸಿನ ಮುಖವೇ ಇಲ್ಲಿ ಮುಖವಾಡ. ಥಿಯೇಟರಿನಿಂದ ಹೊರಗೆ ಬಂದವರಿಗೆ ಆ ಮುಖ ದಿನಾ ಎದುರಾಗತೈತಿ. ಅದು ನಮ್ಮವ್ವಂದಿರ ಮುಖ.

ಕೊಲೆಗಳು ನಡೆದದ್ದು ಖರೆ. ಸತ್ತವರ ಮನೆಯವರ ಕಣ್ಣೀರೂ ಖರೆ. ಕೊಂದವರ ಪರ ನಾನು ವಕಾಲತ್ತು ಹಾಕ್ತಿಲ್ಲ. ಆದರೆ ದಂಡುಪಾಳ್ಯ ಅನ್ನೋದು ಹೊಸಕೋಟೆ ಕಡೆಯ ಒಂದು ಊರು. ಅಲ್ಲೂ ಶಾಲೆಗೆ ಹೋಗೋ ಮಕ್ಕಳಿದ್ದಾರೆ. ಸಿರಿವಂತ ಕೊಲೆ ಮಾಡಿದರೆ ಅವನ ಬಡಾವಣೆಯ ಹೆಸರಿನಲ್ಲಿ ಯಾರಾದರೂ ಸಿನಿಮಾ ತೆಗೆದಿದ್ದಾರೇನು?

2017ರ ಎರಡನೇ ಪಾರ್ಟಿನಲ್ಲಿ ಪತ್ರಕರ್ತೆ ಜೈಲಿಗೆ ಹೋಗಿ ಅವರ ಮಾತು ಕೇಳ್ತಾಳೆ, ಪೊಲೀಸರ ಹೊಡೆತ ತೋರಿಸ್ತಾರೆ. 2018ರ ಮೂರನೆಯದರಲ್ಲಿ ಪೊಲೀಸ್ ಅಧಿಕಾರಿಯ ಮಾತೇ ಮತ್ತೆ ಗೆಲ್ಲುತ್ತದೆ. ಕೊಟ್ಟ ನಾಲಿಗೆ ವಾಪಸ್ ಕಸಿದುಕೊಂಡರು. ಟಿಕೆಟ್ ಎರಡೂ ಸಲ ಮಾರಾಟವಾಯಿತು.

ಸಿನಿಮಾ ಹೀಗೆ ತೀರ್ಪು ಕೊಟ್ಟಿತು. ಕೋರ್ಟ್ ಏನಂತು? ಈ ಗ್ಯಾಂಗಿನವರೆಂದು ಶಿಕ್ಷೆಯಾಗಿದ್ದ ಆರೋಪಿಗಳ ಮೇಲ್ಮನವಿ 2022ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಪೊಲೀಸರು ಅವರ ತಪ್ಪೊಪ್ಪಿಗೆಯನ್ನು ವಿಡಿಯೊ ಮಾಡಿದ್ದರು, ಅದು ಟಿವಿಯಲ್ಲೂ ಬಂದಿತ್ತು. ಅಪರಾಧದ ತೀರ್ಮಾನ ಆಗಬೇಕಾದದ್ದು ಕೋರ್ಟಿನಲ್ಲಿ, ಟಿವಿಯಲ್ಲಲ್ಲ ಎಂದ ಕೋರ್ಟ್, ಆ ಪ್ರಕರಣದಲ್ಲಿ ಅವರನ್ನು ಖುಲಾಸೆ ಮಾಡಿತು. ಈ ತೀರ್ಪಿನ ಮೇಲೆ ಯಾರಾದರೂ ಪಾರ್ಟ್ ತೆಗೆದರೇನು? ಅದನ್ನು ಯಾವ ಫ್ಯಾನ್ ಓದಿದ್ದಾನೆ?

ಈ ರೋಗ ಸಿನಿಮಾದಿಂದ ಹುಟ್ಟಿದ್ದಲ್ಲ. ಬ್ರಿಟಿಷರು 1871ರಲ್ಲಿ ಕಾಯ್ದೆ ಮಾಡಿ ಕೆಲವು ಜಾತಿಗಳೇ ಹುಟ್ಟು ಅಪರಾಧಿಗಳು ಅಂದರು. ನಮ್ಮ ಮುಂಬೈ ಕರ್ನಾಟಕದಲ್ಲಿ ಕೊರವರನ್ನು, ಗಂಟಿಚೋರರನ್ನು ಹುಬ್ಬಳ್ಳಿಯಂಥ ಸೆಟ್ಲಮೆಂಟುಗಳಲ್ಲಿ ತಂತಿಬೇಲಿಯೊಳಗೆ ಇಟ್ಟು ಹಾಜರಿ ಕೂಗಿದರು. 1952ರಲ್ಲಿ ಕಾಯ್ದೆ ಹೋಯಿತು, ಅನುಮಾನ ಹೋಗಲಿಲ್ಲ. ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಇವತ್ತಿಗೂ ‘ಗಂಟಿಚೋರ’ ಅಂತಲೇ ಇದೆ. ಕಾರಕೂನನಾಗಿ ಅಂಥ ಅರ್ಜಿ ನೋಡಿದಾಗೆಲ್ಲ ನನ್ನ ಕೈ ನಿಲ್ಲುತ್ತದೆ. ಏಳನೇ ಕ್ಲಾಸಿನ ಮಗು ತಾನು ಕಳ್ಳ ಅಂತ ಬರೆದು ಸ್ಕಾಲರ್‌ಶಿಪ್ ಕೇಳಬೇಕು!

ಇನ್ನು ನೀರಿನ ಮಾತು. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದಾಗ ಕೇಳಿದ್ದು ಮನುಷ್ಯರ ಹಕ್ಕು. ಮೊದಲು ಮೈಲಿಗೆ ಅಂತ ನೀರು ಕೊಡಲಿಲ್ಲ. ಈಗ ಕೊಲೆಗಾರರು ಅಂತ ಕೊಡೋದಿಲ್ಲ. ನೆಪ ಬದಲಾಯಿತು, ಬಾಗಿಲು ಹಾಕಿದ್ದು ಹಾಕಿದಂಗ ಐತಿ.

ಸಿನಿಮಾ ನೋಡಬ್ಯಾಡ್ರಿ ಅನ್ನಲ್ಲ, ಬ್ಯಾನ್ ಕೇಳಲ್ಲ. ಕ್ಯಾಮೆರಾ, ಮ್ಯೂಸಿಕ್ ಅಂತ ವಾದ ಮಾಡ್ರಿ. ಆದರೆ ಅಂಜಿಕಿ ಬಂತು ಅಂತ ಮೆಚ್ಚುವ ಮೊದಲು, ಯಾರ ಮುಖ ನೋಡಿ ಬಂತು ಅಂತ ನಿಮ್ಮನ್ನ ನೀವು ಕೇಳಿಕೊಳ್ಳಿ.

ತಮ್ಮಗಳಿರಾ, ನೀವು ಕೇಳಿದ್ದಕ್ಕ ನನ್ನ ಉತ್ತರ ಇಷ್ಟು: ಮೂರರಾಗ ಯಾವುದೂ ಭಾರಿ ಅಲ್ಲ. ನಾಳೆ ಮಧ್ಯಾಹ್ನ ಬಿಸಿಲಿನಾಗ ಒಬ್ಬ ಕೂಲಿ ಹೆಣ್ಣಮಗಳು ನಿಮ್ಮ ಗೇಟ್ ಬಡಿದರ, ಮೊಬೈಲ್ ಬಿಟ್ಟು ತಂಬಿಗಿ ತಗೊಂಡು ಬರ್ರಿ.

ಜೈಭೀಮ್.