ಆಗಿನೋರು ಬುದ್ಧಿವಂತರಂತೆ. ಯಾವ ಆಗಿನೋರು ಸ್ವಾಮಿ?

ಹೋದ ಭಾನುವಾರ ನಾನು ಓದಿದ ಶಾಲೆಯಲ್ಲಿ ಗುರುವಂದನೆ ಇತ್ತು. ಹಳೇ ವಿದ್ಯಾರ್ಥಿಗಳೆಲ್ಲ ಸೇರಿದ್ವಿ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲಾ ಆಯ್ತು. ಆಮೇಲೆ ನಿವೃತ್ತ ಮೇಷ್ಟ್ರೊಬ್ಬರು ಮೈಕ್ ಹಿಡಿದು ಶುರು ಮಾಡಿದರು. "ನಮ್ಮ ಕಾಲದ ಏಳನೇ ಕ್ಲಾಸು ಈಗಿನ ಡಿಗ್ರಿಗೆ ಸಮ. ಈಗಿನವರ ತಲೇಲಿ ಏನೂ ಇಲ್ಲ. ಮಗ್ಗಿ ಬರಲ್ಲ, ಒತ್ತಕ್ಷರ ಬರಲ್ಲ. ಸೀಟು ಮಾತ್ರ ಬೇಕು." ಆ ಕೊನೇ ಮಾತು ಹೇಳುವಾಗ ಅವರು ಯಾವ ಕಡೆ ನೋಡಿದರು ಅಂತ ನಮಗೆಲ್ಲ ಗೊತ್ತು.

ಜೋರು ಚಪ್ಪಾಳೆ ಬಿತ್ತು. ನಮ್ಮವರೂ ತಟ್ಟಿದರು. ಸುಳ್ಳು ಯಾಕೆ ಹೇಳಲಿ, ನನ್ನ ಕೈಯೂ ಅರ್ಧ ಮೇಲೆದ್ದಿತ್ತು.

ಪಕ್ಕದಲ್ಲಿ ನಮ್ಮ ಕಾಲೋನಿಯ ಹುಡುಗಿ ಕೂತಿದ್ದಳು. ಬಿಎಸ್ಸಿ ಎರಡನೇ ವರ್ಷ. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ವಾಪಸ್ ಬರೋವಾಗ ಬಸ್‌ಸ್ಟಾಪಲ್ಲಿ ಕೇಳಿದಳು: "ಅಣ್ಣ, ನಿಜವಾಗ್ಲೂ ನಾವು ಅವರಿಗಿಂತ ದಡ್ಡರಾ?"

ಆಗ ಏನೋ ಒಂದು ಹೇಳಿ ಸಮಾಧಾನ ಮಾಡಿದೆ. ಸರಿಯಾದ ಉತ್ತರ ಈಗ ಬರೀತಿದೀನಿ. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಮೊದಲನೇ ಪ್ರಶ್ನೆ. "ಆಗಿನೋರು" ಅಂದರೆ ಯಾರು?

1951ರ ಜನಗಣತಿ ತೆಗೆದು ನೋಡಿ. ದೇಶದಲ್ಲಿ ಅಕ್ಷರ ಬರುತ್ತಿದ್ದವರು ನೂರಕ್ಕೆ 18. 1961ರಲ್ಲಿ ಪರಿಶಿಷ್ಟ ಜಾತಿಯವರಲ್ಲಿ ನೂರಕ್ಕೆ 10. ನಮ್ಮ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಬರೀ 3. ಅಂದರೆ ಮೇಷ್ಟ್ರು ಹೇಳುವ "ಆಗಿನ ತಲೆಮಾರಿ"ನಲ್ಲಿ ನನ್ನ ಅಜ್ಜಿ ಇಲ್ಲ. ನಿಮ್ಮ ಅಜ್ಜಿಯೂ ಇಲ್ಲ. ಬಾಗಿಲು ಹಾಕಿಕೊಂಡು, ಒಳಗಿದ್ದ ನಾಲ್ಕು ಜನರನ್ನು ತೋರಿಸಿ "ನೋಡಿ, ಆಗಿನವರು ಎಷ್ಟು ಬುದ್ಧಿವಂತರು" ಅಂದ ಹಾಗಾಯ್ತು ಇದು.

ಲೆಕ್ಕ ಬಹಳ ಸುಲಭ ಇದೆ. ಒಂದು ಊರಲ್ಲಿ ಇನ್ನೂರು ಮಕ್ಕಳಿದ್ದು, ಆ ಕಾಲದಲ್ಲಿ ಹತ್ತು ಜನ ಮಾತ್ರ ಏಳನೇ ಕ್ಲಾಸಿಗೆ ಬಂದರು ಅಂತಿಟ್ಟುಕೊಳ್ಳಿ. ಅವರ ಮನೇಲಿ ಅಪ್ಪನಿಗೆ ಓದು ಬರುತ್ತೆ, ಗೋಡೆ ಮೇಲೆ ಗಡಿಯಾರ ಇದೆ, ಹೊಟ್ಟೆ ತುಂಬಾ ಊಟ ಇದೆ. ಇವತ್ತು ಇನ್ನೂರೂ ಜನ ಬರ್ತಾರೆ. ಕುರಿ ಕಾಯುವವರ ಮಗ, ಪೌರಕಾರ್ಮಿಕರ ಮಗಳು, ಇಟ್ಟಿಗೆ ಗೂಡಿನ ಕೂಲಿಯವರ ಮಗು ಎಲ್ಲರೂ. ಆ ಹತ್ತು ಜನರ ಸರಾಸರಿಯನ್ನು ಈ ಇನ್ನೂರು ಜನರ ಸರಾಸರಿ ಜೊತೆ ಇಟ್ಟು "ಬುದ್ಧಿ ಕಮ್ಮಿ ಆಗಿದೆ" ಅಂದರೆ ಅದು ಯಾವ ಗಣಿತ ಸ್ವಾಮಿ? ಮಗ್ಗಿ ಬಂದರೆ ಸಾಲದು, ಹೋಲಿಕೆ ಮಾಡೋಕೂ ಬರಬೇಕಲ್ಲ.

ಬಾಗಿಲು ಹಾಕಿದ್ದು ಕತೆಯಲ್ಲ, ದಾಖಲೆ. 1856ರಲ್ಲಿ ನಮ್ಮದೇ ಧಾರವಾಡದಲ್ಲಿ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ಆಗ ಧಾರವಾಡ ಬಾಂಬೆ ಸರ್ಕಾರದ ಕೆಳಗಿತ್ತು. ಅವನ ಬೇಡಿಕೆ ನ್ಯಾಯದ್ದೇ ಅಂತ ಸರ್ಕಾರ ಒಪ್ಪಿಕೊಂಡಿತು. ಒಪ್ಪಿಕೊಂಡೂ ಸೇರಿಸಲಿಲ್ಲ. ಒಬ್ಬನಿಗೋಸ್ಕರ ಸೇರಿಸಿಕೊಂಡರೆ ಉಳಿದವರಿಗೆ ಶಾಲೆಯೇ ಉಪಯೋಗಕ್ಕೆ ಬಾರದಂತಾಗುತ್ತೆ ಅನ್ನೋದು ಅವರ ವಾದ. ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಈ ಪ್ರಕರಣವನ್ನು ಎತ್ತಿ ಹೇಳಿದ್ದಾರೆ. ಆ ಹುಡುಗ ಎಷ್ಟು ಬುದ್ಧಿವಂತ ಇದ್ದ? ಯಾರಿಗೂ ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದ್ದೇ ಆ ಕಾಲ. ಅಂಬೇಡ್ಕರರೇ ಶಾಲೆಯಲ್ಲಿ ಮನೆಯಿಂದ ತಂದ ಗೋಣಿಚೀಲದ ಮೇಲೆ ಬೇರೆ ಕೂತು ಓದಿದವರು. ಒಬ್ಬರು ಹೇಗೋ ದಾಟಿ ಬಂದರು. ದಾಟಲಾರದೆ ಹೋದವರ ಲೆಕ್ಕ ಯಾರ ಹತ್ತಿರ ಇದೆ?

ಎರಡನೇ ಪ್ರಶ್ನೆ. ಬುದ್ಧಿ ಅಂದರೆ ಏನು? ಒತ್ತಕ್ಷರವಾ?

ನನ್ನ ತಾತ ನೀರುಗಂಟಿ. ತುಮಕೂರು ಕಡೆ, ಕೆರೆ ಕೆಳಗಿನ ಊರು ನಮ್ಮದು. ಹಳೇ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ಕೆರೆ ನೀರು ಹಂಚುವ ಕೆಲಸ ನಮ್ಮವರದ್ದೇ. ತೂಬು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು, ಕೊನೇ ಗದ್ದೆಗೆ ನೀರು ಮುಟ್ಟೋಕೆ ಎಷ್ಟು ಹೊತ್ತು ಬೇಕು, ಕೆರೇಲಿ ಇಷ್ಟು ನೀರಿದ್ದರೆ ಈ ಸಲ ಎಷ್ಟು ಬಯಲಿಗೆ ಭತ್ತ, ಎಷ್ಟಕ್ಕೆ ರಾಗಿ, ಎಲ್ಲಾ ತಲೇಲೇ. ಒಂದು ಚೀಟಿ ಇಲ್ಲ. ನೀರಿನ ವಿಷಯಕ್ಕೆ ಊರ ಗೌಡರು ಹೊಡೆದಾಡಿಕೊಂಡರೆ ಕೊನೆಗೆ ತಾತನ್ನೇ ಕರೆದು ಕೇಳಬೇಕಿತ್ತು. ಇವತ್ತು ಇಂಜಿನಿಯರು ಲ್ಯಾಪ್‌ಟಾಪ್ ಇಟ್ಕೊಂಡು ಮಾಡೋ ಕೆಲಸ ಅದು.

ಆದರೆ ತಾತ ಹೆಬ್ಬೆಟ್ಟು. ದಾಖಲೆಯಲ್ಲಿ ಅನಕ್ಷರಸ್ಥ. ಅವನು ಬಿಟ್ಟ ನೀರು ಗದ್ದೆಗೆ ಆಗ್ತಿತ್ತು, ಅವನು ಮುಟ್ಟಿದ ಬಿಂದಿಗೆ ಆಗ್ತಿರಲಿಲ್ಲ.

ಮಂಟೇಸ್ವಾಮಿ ಕಾವ್ಯವನ್ನು ರಾತ್ರಿ ರಾತ್ರಿಗಳೇ ಹಾಡುವ ನೀಲಗಾರರನ್ನು ನೆನೆಸಿಕೊಳ್ಳಿ. ಅಕ್ಷರ ಬಾರದವರು ಇಡೀ ಮಹಾಕಾವ್ಯವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. ವಿದ್ವಾಂಸರು ಟೇಪ್‌ರೆಕಾರ್ಡರ್ ಹಿಡಿದು ಅವರ ಮುಂದೆ ಕೂತು ಬರೆದುಕೊಂಡು ಪುಸ್ತಕ ಮಾಡಿದರು. ನಮ್ಮ ಹಿರಿಯರು ದಡ್ಡರಾಗಿರಲಿಲ್ಲ. ಅವರ ಬುದ್ಧಿಯನ್ನು ಬುದ್ಧಿ ಅಂತ ಬರೆದುಕೊಳ್ಳುವ ಪುಸ್ತಕವೇ ಈ ಸಮಾಜದಲ್ಲಿ ಇರಲಿಲ್ಲ, ಅಷ್ಟೆ.

ಹಾಗಾದರೆ ನನ್ನ ತಾತನಿಗಿಂತ ನಾನು ದಡ್ಡನಾ? ನನಗೆ ತೂಬಿನ ಲೆಕ್ಕ ಬರಲ್ಲ. ತಾತನಿಗೆ ಆರ್‌ಟಿಐ ಅರ್ಜಿ ಬರೆಯೋಕೆ ಬರ್ತಿರಲಿಲ್ಲ. ಬದುಕು ಏನು ಕೇಳುತ್ತೋ ತಲೆ ಅದನ್ನು ಕಲಿಯುತ್ತೆ. ನನ್ನ ತಲೇಲಿ ಹತ್ತು ಫೋನ್ ನಂಬರ್ ನಿಲ್ಲಲ್ಲ, ನಿಜ. ಅದಕ್ಕೆ ಬುದ್ಧಿ ಇಳಿದಿದೆ ಅನ್ನಕ್ಕಾಗಲ್ಲ.

ಮೂರನೇದು. "ಜನರ ಬುದ್ಧಿ ಇಳೀತಾ ಇದೆ" ಅನ್ನೋ ಮಾತನ್ನು ಪರೀಕ್ಷೆ ಮಾಡಿ ನೋಡಿದಾರಾ? ನೋಡಿದಾರೆ.

ಈ ಗೋಳು ಇಂಗ್ಲೆಂಡಿನಲ್ಲಿ ದೊಡ್ಡದಾಗಿ ಶುರುವಾಗಿದ್ದು ಫ್ರಾನ್ಸಿಸ್ ಗಾಲ್ಟನ್ ಕಾಲದಲ್ಲಿ. ಅವನು 1869ರಲ್ಲೇ ಪುಸ್ತಕ ಬರೆದು, ಪುರಾತನ ಅಥೆನ್ಸಿನ ಜನ ನಮಗಿಂತ ಎರಡು ಮೆಟ್ಟಿಲು ಮೇಲಿದ್ದರು ಅಂದ. ಅದೇ ಪುಸ್ತಕದಲ್ಲಿ ಕಪ್ಪು ಜನ ಬಿಳಿಯರಿಗಿಂತ ಎರಡು ಮೆಟ್ಟಿಲು ಕೆಳಗೆ ಅಂತಲೂ ಬರೆದ. ಎರಡೂ ಒಂದೇ ಬಾಯಿಂದ ಬಂದ ಮಾತು, ಗಮನಿಸಿ. ಅವನ ಹಿಂದೆ ಬಂದವರು ಇನ್ನೊಂದು ಭಯ ಹುಟ್ಟಿಸಿದರು: ಬಡವರು ಜಾಸ್ತಿ ಮಕ್ಕಳು ಹೆರ್ತಾರೆ, ಅದಕ್ಕೆ ದೇಶದ ಬುದ್ಧಿ ಇಳಿಯುತ್ತೆ ಅಂತ.

ಸ್ಕಾಟ್ಲೆಂಡಿನಲ್ಲಿ ಇದನ್ನು ಪರೀಕ್ಷೆಗೇ ಹಚ್ಚಿದರು. 1932ರಲ್ಲಿ ಹನ್ನೊಂದು ವರ್ಷದ ಸುಮಾರು 87 ಸಾವಿರ ಮಕ್ಕಳಿಗೆ ಒಂದು ಬುದ್ಧಿ ಪರೀಕ್ಷೆ ಕೊಟ್ಟಿದ್ದರು. ಹದಿನೈದು ವರ್ಷ ಬಿಟ್ಟು, 1947ರಲ್ಲಿ ಅದೇ ವಯಸ್ಸಿನ ಸುಮಾರು 70 ಸಾವಿರ ಮಕ್ಕಳಿಗೆ ಅದೇ ಪರೀಕ್ಷೆ ಕೊಟ್ಟರು. ಸರಾಸರಿ ಇಳಿದಿರಬೇಕಿತ್ತಲ್ಲ? ಏರಿತ್ತು. ಬಡವರ ಮಕ್ಕಳು ದೇಶದ ಬುದ್ಧಿಯನ್ನು ಮುಳುಗಿಸಲಿಲ್ಲ.

ಆಮೇಲೆ ಜೇಮ್ಸ್ ಫ್ಲಿನ್ ಅನ್ನೋ ಪ್ರೊಫೆಸರು 1987ರಲ್ಲಿ 14 ದೇಶಗಳ ಅಂಕ ಜೋಡಿಸಿ ತೋರಿಸಿದರು. ತಲೆಮಾರಿನಿಂದ ತಲೆಮಾರಿಗೆ ಐಕ್ಯೂ ಅಂಕ ಏರುತ್ತಲೇ ಬಂದಿತ್ತು. ಹಾಗಂತ ಅಜ್ಜಂದಿರು ದಡ್ಡರು ಅಂತ ಅಲ್ಲ. ಶಾಲೆ, ಊಟ, ಆರೋಗ್ಯ ಸಿಕ್ಕ ಕಡೆ ಅಂಕ ಏರಿತು ಅಂತ.

ಇತ್ತೀಚೆಗೆ ಕೆಲವು ದೇಶಗಳಲ್ಲಿ ಇಳೀತಾ ಇದೆಯಲ್ಲ ಅಂತ ಯಾರಾದರೂ ಕೇಳಬಹುದು. ಹೌದು, ನಾರ್ವೆಯಲ್ಲಿ ಇಳಿದಿದೆ. 2018ರಲ್ಲಿ ಬಂದ ಸಂಶೋಧನೆ ಅದು. ಆದರೆ ಅವರು ಒಂದೇ ಮನೆಯ ಅಣ್ಣತಮ್ಮಂದಿರನ್ನು ಹೋಲಿಸಿ ನೋಡಿದಾಗಲೂ ಅದೇ ಇಳಿತ ಕಾಣಿಸಿತು. ಅದೇ ಅಪ್ಪ, ಅದೇ ಅಮ್ಮ. ಅಂದರೆ ಕಾರಣ ರಕ್ತದಲ್ಲಿಲ್ಲ, ಬೆಳೆದ ಪರಿಸರದಲ್ಲಿದೆ. ಏರಲಿ, ಇಳಿಯಲಿ, ಬೆರಳು ತೋರಿಸುವುದು ಒಂದೇ ಕಡೆ: ಮಕ್ಕಳಿಗೆ ನಾವು ಏನು ಕೊಡ್ತಿದೀವಿ?

ಈಗ ಮೈಸೂರಿಗೆ ಬನ್ನಿ. 1918ರಲ್ಲಿ ನಾಲ್ವಡಿಯವರು ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಕೊಡಬೇಕೆಂದು ಮಿಲ್ಲರ್ ಸಮಿತಿ ಮಾಡಿದರು. ದಿವಾನ ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ, ಹುದ್ದೆಯಿಂದ ಇಳಿದರು. ಅರ್ಹತೆ ಬದಿಗಿಟ್ಟರೆ ಆಡಳಿತದ ದಕ್ಷತೆ ಕುಗ್ಗುತ್ತದೆ ಅನ್ನೋದು ಅವರ ಆತಂಕ. ನೂರು ವರ್ಷ ಕಳೀತು. ಆಡಳಿತ ಮುಳುಗಲಿಲ್ಲ. ಮಾತು ಮಾತ್ರ ಹಾಗೇ ಉಳೀತು. ಬಾಗಿಲು ಒಂದು ಚೂರು ತೆಗೆದಾಗಲೆಲ್ಲ ಒಳಗಿಂದ ಅದೇ ಕೂಗು: ಗುಣಮಟ್ಟ ಹೋಯ್ತು, ಮೆರಿಟ್ ಹೋಯ್ತು, ಬುದ್ಧಿ ಹೋಯ್ತು. ನಾವು ಒಳಗೆ ಕಾಲಿಟ್ಟ ದಿನವೇ ಬುದ್ಧಿ ಹೋಯ್ತಾ? ಏನು ಕಾಕತಾಳೀಯ ಕಣ್ರೀ!

ಇಷ್ಟು ಹೇಳಿ ಎಲ್ಲಾ ಚೆನ್ನಾಗಿದೆ ಅನ್ನೋಕೆ ನಾನು ತಯಾರಿಲ್ಲ. ಮೇಷ್ಟ್ರು ಹೇಳಿದ್ದರಲ್ಲಿ ಒಂದು ನಿಜ ಇದೆ. ಮಕ್ಕಳಿಗೆ ಓದಲು ಬರ್ತಿಲ್ಲ. 2022ರ ಅಸರ್ ವರದಿ ಪ್ರಕಾರ ಹಳ್ಳಿಗಳಲ್ಲಿ ಮೂರನೇ ಕ್ಲಾಸಿನ ಐದು ಮಕ್ಕಳಲ್ಲಿ ಒಂದಕ್ಕೆ ಮಾತ್ರ ಎರಡನೇ ಕ್ಲಾಸಿನ ಪಾಠ ಓದೋಕೆ ಬರ್ತಿತ್ತು. ಕೊರೊನಾದಲ್ಲಿ ಶಾಲೆ ಮುಚ್ಚಿದಾಗ ಯಾರ ಮನೇಲಿ ಸ್ಮಾರ್ಟ್‌ಫೋನ್ ಇರಲಿಲ್ಲ? ಆ ಮಕ್ಕಳು ಯಾರವು? ಇದನ್ನು ಮುಚ್ಚಿಟ್ಟರೆ ನಷ್ಟ ನಮಗೇ. ಆದರೆ ಓದು ಬಾರದಿರೋದು ಬೇರೆ, ಬುದ್ಧಿ ಇಲ್ಲದಿರೋದು ಬೇರೆ. ಒಂದು ಶಾಲೆಯ ತಪ್ಪು, ಸರ್ಕಾರದ ತಪ್ಪು. ಇನ್ನೊಂದು ಮಗುವಿನ ಹಣೆಗೆ ಹಚ್ಚೋ ಮಸಿ.

ಮಿದುಳು ಬೆಳೆಯೋಕೆ ಊಟ ಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಅಂತಿದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಬಿಸಿಯೂಟದಲ್ಲಿ ಒಂದು ಮೊಟ್ಟೆ ಕೊಡ್ತೀವಿ ಅಂದಾಗ ಯಾರು ಬೀದಿಗೆ ಬಂದರು, ನೆನಪಿದೆಯಾ? ಮಠಾಧೀಶರು. ಆ ಭಾಗದ ಒಬ್ಬ ಶಾಲಾ ಹುಡುಗಿ ಮೈಕ್ ಮುಂದೆ ನಿಂತು, ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿಂತೀವಿ ಅಂತ ಹೇಳಿದಳಲ್ಲ, ಅವಳ ಬುದ್ಧಿಯನ್ನು ಯಾವ ಅಂಕಪಟ್ಟಿಯಲ್ಲಿ ಹಾಕ್ತೀರಿ? ತಟ್ಟೆಯಿಂದ ಮೊಟ್ಟೆ ಕಿತ್ಕೊಳ್ಳೋರೂ ಇವರೇ, ಆಮೇಲೆ ಈ ಮಕ್ಕಳಿಗೆ ತಲೆ ಓಡಲ್ಲ ಅನ್ನೋರೂ ಇವರೇ.

ಕೊನೇದು. ಇದು ನಮಗೆ ನಾವೇ ಹೇಳಿಕೊಳ್ಳಬೇಕಾದ ಮಾತು.

ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅನ್ನೋ ಇಬ್ಬರು ಸಂಶೋಧಕಿಯರು ಆರು-ಏಳನೇ ಕ್ಲಾಸಿನ ಹುಡುಗರಿಗೆ ದಾರಿ ಹುಡುಕುವ ಒಗಟಿನ ಚಿತ್ರಗಳನ್ನು ಕೊಟ್ಟರು. ಜಾತಿ ಎತ್ತದಿದ್ದಾಗ ಮೇಲ್ಜಾತಿ ಹುಡುಗರೂ ದಲಿತ ಹುಡುಗರೂ ಹೆಚ್ಚುಕಡಿಮೆ ಒಂದೇ ಸಮ ಬಿಡಿಸಿದರು. ಇನ್ನೊಂದು ಕಡೆ, ಎಲ್ಲರ ಎದುರು ಅಪ್ಪನ ಹೆಸರು, ತಾತನ ಹೆಸರು, ಜಾತಿ ಕೂಗಿ ಹೇಳಿ ಆಮೇಲೆ ಒಗಟು ಕೊಟ್ಟರು. ದಲಿತ ಹುಡುಗರು ಬಿಡಿಸೋದು ಕಮ್ಮಿಯಾಯ್ತು. ಅಂಥದೇ ಹುಡುಗರು, ಅಂಥದೇ ತಲೆ. ಜಾತಿ ಕೂಗಿದ್ದೊಂದೇ ವ್ಯತ್ಯಾಸ.

ಈಗ ಗುರುವಂದನೆಯ ಆ ಮೈಕನ್ನು ನೆನೆಸಿಕೊಳ್ಳಿ. "ಸೀಟು ಮಾತ್ರ ಬೇಕು" ಅಂದಾಗ ಅಲ್ಲಿ ನಡೆದದ್ದೂ ಇದೇ. ಆ ಮಾತು ದಡ್ಡತನ ಕಂಡುಹಿಡಿಯೋ ಮಾತಲ್ಲ, ಮಕ್ಕಳನ್ನು ದಡ್ಡರನ್ನಾಗಿ ಮಾಡೋ ಮಾತು. ಆ ಹುಡುಗಿ ಮಾರನೇ ದಿನ ಪ್ರಾಕ್ಟಿಕಲ್ ಕ್ಲಾಸಿಗೆ ಹೋಗುವಾಗ ತಲೇಲಿ ಆ ಚಪ್ಪಾಳೆ ಇಟ್ಕೊಂಡೇ ಹೋಗಿರ್ತಾಳೆ.

ನಾವೇನು ಕಮ್ಮಿ? ನಮ್ಮ ಸಭೆಗಳಲ್ಲೂ ಇದೇ ರಾಗ. "ನಮ್ಮ ಕಾಲದ ಚಳವಳಿ ಅಂದ್ರೆ ಹೆಂಗಿತ್ತು, ಈಗಿನ ಹುಡುಗರು ಬರೀ ರೀಲ್ಸು, ಏನೂ ಓದಲ್ಲ." ಸಂಗಾತಿಗಳೇ, 1973ರ ಬೂಸಾ ಗಲಾಟೆ ಕಾಲದಲ್ಲಿ ನಮ್ಮ ಹಾಸ್ಟೆಲ್ ಹುಡುಗರಿಗೆ ಬಿದ್ದ ಏಟು ನೆನಪಿಸಿಕೊಳ್ಳಿ. ಅವತ್ತಿನ ದೊಡ್ಡವರು ಆ ಹುಡುಗರನ್ನು ಏನಂದಿದ್ದರು? ದಡ್ಡರು, ಪುಂಡರು, ಸಾಹಿತ್ಯ ಗೊತ್ತಿಲ್ಲದವರು. ಆ ತಲೆಮಾರಿನಿಂದಲೇ ಕನ್ನಡಕ್ಕೆ ದಲಿತ ಸಾಹಿತ್ಯ ಬಂತು. ಅದೇ ಮಾತನ್ನು ಈಗ ನಾವು ನಮ್ಮ ಮಕ್ಕಳ ಮೇಲೆ ಎಸೀತಿದೀವಿ.

2011ರಲ್ಲಿ ನಮ್ಮವರಲ್ಲಿ ಅಕ್ಷರಸ್ಥರು ನೂರಕ್ಕೆ 66. 1961ರ 10ರಿಂದ ಐವತ್ತೇ ವರ್ಷದಲ್ಲಿ. ಇದು ಬುದ್ಧಿ ಇಳಿದ ಕತೆಯಾ?

ಮುಂದಿನ ಏಪ್ರಿಲ್ 14ಕ್ಕೆ ವೇದಿಕೆ ಹತ್ತುವ ಅಣ್ಣಂದಿರಲ್ಲಿ, ಅಕ್ಕಂದಿರಲ್ಲಿ ಒಂದೇ ವಿನಂತಿ. ಈಗಿನ ಹುಡುಗರನ್ನು ಬೈಬೇಡಿ. ನಿಮ್ಮೂರ ಹಾಸ್ಟೆಲಿಗೆ ಹೋಗಿ. ಲೈಬ್ರರಿ ಬೀರು ಬೀಗದ ಕೈ ಯಾರ ಹತ್ತಿರ ಇದೆ ಕೇಳಿ. ಗಣಿತ ಹೇಳಿಕೊಡೋಕೆ ಯಾರಾದರೂ ಬರ್ತಾರಾ ಕೇಳಿ. ಸ್ಕಾಲರ್‌ಶಿಪ್ ಬಂತಾ, ವಾರಕ್ಕೆ ಎಷ್ಟು ಮೊಟ್ಟೆ ಸಿಗುತ್ತೆ ಕೇಳಿ. ಉತ್ತರ ಬರೆದುಕೊಂಡು ಅಧಿಕಾರಿ ಮುಂದೆ ಹೋಗಿ ಕೂತ್ಕೊಳ್ಳಿ.

ತಂಗಿ, ನಿನ್ನ ಪ್ರಶ್ನೆಗೆ ಉತ್ತರ ಇದು. ನೀನು ದಡ್ಡಿ ಅಲ್ಲ. ನಿನ್ನ ಮುತ್ತಜ್ಜಿಯೂ ದಡ್ಡಿ ಆಗಿರಲಿಲ್ಲ. ಅವಳನ್ನು ಯಾರೂ ಒಳಗೆ ಬಿಡಲಿಲ್ಲ, ನೀನು ಒಳಗೆ ಬಂದಿದೀಯ. ಅವರಿಗೆ ಹೊಟ್ಟೆಯುರಿ ಇರೋದು ಅದಕ್ಕೇ. ಪ್ರಾಕ್ಟಿಕಲ್ ರೆಕಾರ್ಡ್ ಬರೆದು ಮುಗಿಸು. ಮುಂದಿನ ಗುರುವಂದನೆಯಲ್ಲಿ ಮೈಕ್ ನೀನು ಹಿಡಿ. ನಾನು ಚಪ್ಪಾಳೆ ತಟ್ಟೋಕೆ ಮುಂದಿನ ಸಾಲಲ್ಲೇ ಕೂತಿರ್ತೀನಿ.

ಜೈ ಭೀಮ್.