ಜಯಂತಿ ಮೆರವಣಿಗೆಗೆ ನನ್ನ ಕುದುರೆ ಮರಿ ಬರಲ್ಲ

ಬರಹ ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಬೈಯೋರು ಬೈರಿ.

ವಿಷಯ ಇಷ್ಟೆ. ಈ ಸಲದ ಏಪ್ರಿಲ್ 14ರ ಮೆರವಣಿಗೆಗೆ ನಮ್ಮ ನೀಲಿಯನ್ನು ಕರ್ಕೊಂಡು ಬರಬೇಕು, ಅವಳ ಮೇಲೆ ನಮ್ಮ ಹುಡುಗನೊಬ್ಬ ಬಾವುಟ ಹಿಡಿದು ಕೂರಬೇಕು ಅಂತ ಸಂಗಾತಿಗಳು ಕೇಳಿದ್ರು. ಆಗಲ್ಲ ಅಂದೆ. ಅವತ್ತಿನಿಂದ ವಾಟ್ಸಾಪ್ ಗುಂಪುಗಳಲ್ಲಿ ನನ್ನ ವಿಚಾರಣೆ ನಡೀತಾ ಇದೆ. "ಕುದುರೆ ಏರುವ ಹಕ್ಕಿನ ಬಗ್ಗೆ ಭಾಷಣ ಮಾಡ್ತಾನೆ, ತನ್ನ ಕುದುರೆ ಕೇಳಿದ್ರೆ ಕೊಡಲ್ಲ." "ಗೌಡರ ಬುದ್ಧಿ ಬಂದುಬಿಟ್ಟಿದೆ." ಉತ್ತರ ಇಲ್ಲೇ, ಎಲ್ಲರ ಮುಂದೇನೇ ಕೊಡ್ತೀನಿ.

ನೀಲಿಗೆ ಈಗ ಎರಡು ವರ್ಷ ಮೂರು ತಿಂಗಳು. ಒಂಬತ್ತು ತಿಂಗಳ ಮರಿ ಇದ್ದಾಗ ಮೈಸೂರಿನ ಟಾಂಗಾ ಓಡಿಸೋ ಮನೆಯೊಂದರಿಂದ ತಂದೆ. ನಮ್ಮ ವಂಶದಲ್ಲಿ ಕುದುರೆಯ ಒಡೆಯ ಅನ್ನಿಸಿಕೊಂಡವನು ನಾನೇ ಮೊದಲು. ನೋಡೋಕೆ ಬೆಳೆದ ಕುದುರೆ ಥರಾನೇ ಕಾಣ್ತಾಳೆ. ಆದ್ರೆ ಒಳಗೆ ಮೂಳೆ ಇನ್ನೂ ಬಲಿತಿಲ್ಲ. ಕುದುರೆಯ ಮೂಳೆಗಳು ಕೆಳಗಿನಿಂದ ಮೇಲಕ್ಕೆ ಬಲಿಯುತ್ತಾ ಬರುತ್ತವೆ. ಮುಂಗಾಲಿನ ಮಂಡಿ ಗಟ್ಟಿಯಾಗೋಕೆ ಎರಡೂವರೆ ವರ್ಷದ ಆಸುಪಾಸು ಆಗುತ್ತೆ. ಕೊನೆಗೆ ಬಲಿಯೋದು ಬೆನ್ನುಮೂಳೆ, ಅದೂ ಐದು ವರ್ಷ ದಾಟಿದ ಮೇಲೆ. ನಾವು ಹೋಗಿ ಕೂರೋದು ಸರಿಯಾಗಿ ಆ ಬೆನ್ನಿನ ಮೇಲೆ! ಮೂರೂವರೆ, ನಾಲ್ಕು ವರ್ಷಕ್ಕೆ ಹಗುರವಾಗಿ ಸವಾರಿ ಶುರು ಮಾಡಿದ್ರೆ ಒಳ್ಳೇದು. "ರೇಸ್ ಕುದುರೆಗಳು ಎರಡು ವರ್ಷಕ್ಕೇ ಓಡ್ತಾವಲ್ಲ" ಅಂತ ಒಬ್ಬರು ಬರೆದಿದ್ರು. ಓಡ್ತಾವೆ. ದುಡ್ಡು ಕಟ್ಟಿದವರ ಆತುರಕ್ಕೆ ಓಡ್ತಾವೆ. ಆ ಆತುರವನ್ನ ನಾವ್ಯಾಕೆ ಕಲೀಬೇಕು?

ಹಾಗಾದ್ರೆ ಇಷ್ಟು ದಿನ ಏನು ಮಾಡ್ದೆ ಅಂತ ಕೇಳ್ತೀರಿ. ದಿನಾ ಹದಿನೈದು ನಿಮಿಷದ ಪಾಠ. ಮುಖಕ್ಕೆ ಹಾಲ್ಟರ್ ಹಾಕಿಸಿಕೊಳ್ಳೋದು, ಪಕ್ಕದಲ್ಲಿ ನಡೆಯೋದು, ನಿಲ್ಲು ಅಂದ್ರೆ ನಿಲ್ಲೋದು, ನಾಲ್ಕೂ ಕಾಲು ಎತ್ತಿ ಕೊಡೋದು. ಕಾಲು ಕೊಡೋದು ಕಲೀದಿದ್ರೆ ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸೋಕಾಗಲ್ಲ. ಗೊರಸು ಕೆಟ್ರೆ ಕುದುರೆಯೇ ಕೆಟ್ಟಂಗೆ. ಹಗ್ಗ ಮೆಲ್ಲಗೆ ಬಿಗಿ ಮಾಡ್ತೀನಿ, ಅವಳು ಒಂದು ಹೆಜ್ಜೆ ಮುಂದಿಟ್ಟ ಕ್ಷಣ ಸಡಿಲ ಬಿಡ್ತೀನಿ. ಅವಳು ಕಲಿಯೋದು ಆ ಸಡಿಲದಿಂದ. ಇದನ್ನ ನನಗೆ ಹೇಳಿಕೊಟ್ಟವರು ನಾವೆಲ್ಲ ಚಾಚಾ ಅನ್ನೋ ಟಾಂಗಾ ಹಿರಿಯರು. ಚಬುಕಿಗೆ ಹೆದರಿ ನಿಂತ ಕುದುರೆ, ಚಬುಕಿಗಿಂತ ದೊಡ್ಡ ಹೆದರಿಕೆ ಕಂಡ ದಿನ ಸವಾರನನ್ನ ಬೀಳಿಸಿ ಓಡುತ್ತೆ ಅಂತಾರೆ ಅವರು.

ಈಗ ಮೆರವಣಿಗೆ ನೆನಪು ಮಾಡ್ಕೊಳ್ಳಿ. ಡಿಜೆ, ಪಟಾಕಿ, ತಮಟೆ, ಸೆಲ್ಫಿಗೆ ನುಗ್ಗೋ ಹುಡುಗರು. ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕಿವೆ. ನೇರ ಹಿಂದೆ ನಿಂತವರು ಅದಕ್ಕೆ ಕಾಣಲ್ಲ, ಹಣೆಯ ಎದುರು ತೀರಾ ಹತ್ತಿರ ಇರೋದೂ ಕಾಣಲ್ಲ. ಕಾಣದ ಕಡೆಯಿಂದ ಸದ್ದು ಬಂದ್ರೆ ಒದೆಯುತ್ತೆ, ಇಲ್ಲಾ ಓಡುತ್ತೆ. ಒದೆ ಬೀಳೋದು ಯಾರಿಗೆ? ನಮ್ಮ ಕೇರಿಯ ಮಕ್ಕಳಿಗೇ.

ಇನ್ನೊಂದು ಮಾತು. ಬಾಬಾಸಾಹೇಬರ ಹೆಸರು ಹೇಳಿ ಕುದುರೆ ಕೇಳಿದ್ರಲ್ಲ, ಅವರದ್ದೇ 'ವೇಟಿಂಗ್ ಫಾರ್ ಎ ವೀಸಾ' ತೆಗೆದು ಚಾಲೀಸ್‌ಗಾಂವ್‌ನ ಭಾಗ ಓದಿ. 1929. ಅಸ್ಪೃಶ್ಯರ ಅಹವಾಲು ವಿಚಾರಿಸೋ ಸರ್ಕಾರಿ ಸಮಿತಿಯ ಸದಸ್ಯರಾಗಿ ತಿರುಗಾಡ್ತಿದ್ದ ಕಾಲ. ಅಲ್ಲಿ ಯಾವ ಟಾಂಗಾವಾಲನೂ ಅವರನ್ನ ಕೂರಿಸಿಕೊಂಡು ಹೋಗೋಕೆ ಒಪ್ಪಲಿಲ್ಲ. ಬ್ಯಾರಿಸ್ಟರ್ ಆಗಿದ್ರೂ ಒಪ್ಪಲಿಲ್ಲ. ಮನೆಗೆ ಬಂದ ಅತಿಥಿ ನಡೆದು ಬರೋದು ಅವಮಾನ ಅಂತ ನಮ್ಮ ಜನ ಚಾಲಕನಿಲ್ಲದ ಟಾಂಗಾ ಬಾಡಿಗೆಗೆ ತಂದ್ರು. ಯಾವತ್ತೂ ಟಾಂಗಾ ಓಡಿಸದ ನಮ್ಮವನೇ ಒಬ್ಬ ಲಗಾಮು ಹಿಡಿದ. ಹಳ್ಳದ ಮೋರಿಯ ಮೇಲೆ ಚಕ್ರ ಸಿಕ್ಕಿಕೊಂಡು ಕುದುರೆ, ಗಾಡಿ ಎರಡೂ ಕೆಳಗೆ ಬಿದ್ದವು. ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ಟರು, ಕಾಲಿನ ಮೂಳೆ ಮುರೀತು. ತಪ್ಪು ಲಗಾಮು ಹಿಡಿದ ಆ ಅಣ್ಣನದ್ದಲ್ಲ. ತಪ್ಪು ಆ ಟಾಂಗಾವಾಲನ ತಲೆಯೊಳಗಿದ್ದ ಜಾತಿಯದ್ದು. ಆದ್ರೆ ನಮಗಲ್ಲಿ ಪಾಠ ಇದೆಯೋ ಇಲ್ಲವೋ? ಗೌರವ ಉಳಿಸೋಕೆ ಕುದುರೆ ಬೇಕಾದ ದಿನ ಕುದುರೆ ನಡೆಸೋ ವಿದ್ಯೆ ನಮ್ಮ ಕೈಲಿರಲಿಲ್ಲ. ತೊಂಬತ್ತು ವರ್ಷ ದಾಟಿತು. ಇವತ್ತೂ ಅದೇ ಥರ ವಿದ್ಯೆ ಇಲ್ಲದೆ ಏರಿ ಕೂರೋಣ ಅಂತೀರಲ್ಲ!

ನಮ್ಮ ಹೋರಾಟ ಒಂದು ದಿನದ ಕುದುರೆಯಲ್ಲೇ ನಿಂತುಬಿಟ್ಟಿದೆ ಅನ್ನೋದು ನನ್ನ ತಕರಾರು. 2018ರಲ್ಲಿ ಉತ್ತರ ಪ್ರದೇಶದ ಕಾಸ್‌ಗಂಜ್ ಜಿಲ್ಲೆಯಲ್ಲಿ ಮದುವೆ ಮೆರವಣಿಗೆ ಮಾಡೋದಕ್ಕಾಗಿ ದಲಿತ ವರ ಒಬ್ಬ ಹೈಕೋರ್ಟ್ ತನಕ ಹೋಗಬೇಕಾಯ್ತು. ಕೊನೆಗೆ ಪೊಲೀಸ್ ಕಾವಲಲ್ಲಿ ಮೆರವಣಿಗೆ ನಡೀತು. ಅದು ಗೆಲುವೇ, ಸಣ್ಣದು ಅನ್ನಲ್ಲ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂದು, 2016ರ ಜನವರಿ 26ರಿಂದ ಜಾರಿಯಾಯ್ತು. ಸೈಕಲ್, ಬೈಕ್ ಹತ್ತೋದು, ಚಪ್ಪಲಿ ಮೆಟ್ಟೋದು, ಹೊಸ ಬಟ್ಟೆ ಉಡೋದು, ಇವನ್ನ ತಡೆಯೋದು ಅಪರಾಧ ಅಂತ ಅದು ಹೆಸರಿಟ್ಟು ಹೇಳುತ್ತೆ. ಕುದುರೆಯೂ ಅದರಲ್ಲಿದೆ. ಆದ್ರೆ ಮದುವೆ ಮೆರವಣಿಗೆಯ ಮಾತಿನ ಜೊತೆಗಿದೆ. ಬೇರೆ ದಿನ ತಡೆದ್ರೆ ಕೇಸ್ ಹಾಕೋಕೆ ಬೇರೆ ಕಲಂಗಳು ಇದ್ದೇ ಇವೆ, ಸರಿ. ಆದ್ರೂ ಕಾನೂನು ಬರೆದವರ ಕಣ್ಣಿಗೂ ದಲಿತ ಕುದುರೆಯ ಮೇಲೆ ಕಂಡಿದ್ದು ಮದುವೆಯ ದಿನ ಮಾತ್ರ.

ಪ್ರದೀಪ್ ರಾಠೋಡ್ ನೆನಪಿದ್ದಾನಾ? ಗುಜರಾತಿನ ಭಾವನಗರ ಜಿಲ್ಲೆಯ ಟಿಂಬಿ ಗ್ರಾಮದ ಹುಡುಗ, 21 ವರ್ಷ. 2018ರ ಮಾರ್ಚ್ 29ರಂದು ಕೊಲೆಯಾದ. ಕುದುರೆ ಹತ್ತಿ ತಿರುಗಬೇಡ ಅನ್ನೋ ಬೆದರಿಕೆ ಮೊದಲೇ ಇತ್ತು ಅಂತ ಅವನ ತಂದೆ ದೂರು ಕೊಟ್ಟರು. ಅವನು ಮದುಮಗ ಅಲ್ಲ. ಬಾಡಿಗೆ ಕುದುರೆಯೂ ಅಲ್ಲ. ಸ್ವಂತ ಕುದುರೆ ತಂದು, ಸಾಕಿ, ಹೊಲದ ದಾರೀಲಿ ದಿನಾ ಹೋಗಿಬರ್ತಿದ್ದ. ಒಂದು ದಿನದ ಕುದುರೆಯನ್ನ ಪೊಲೀಸ್ ಕಾವಲಲ್ಲಿ ಸಹಿಸಿಕೊಳ್ಳೋ ಊರು, ದಿನದಿನದ ಕುದುರೆಯನ್ನ ಸಹಿಸಲ್ಲ. ಯಾಕಂದ್ರೆ ದಿನದಿನದ ಕುದುರೆಗೆ ಜಾಗ ಬೇಕು, ಹುಲ್ಲು ಬೇಕು, ದಾರಿ ಬೇಕು, ಪುರುಸೊತ್ತು ಬೇಕು, ವಿದ್ಯೆ ಬೇಕು. ನಮ್ಮಿಂದ ಕಿತ್ತುಕೊಂಡಿದ್ದು ಇವನ್ನೇ ತಾನೆ?

"ಅನುಭವ ಇಲ್ಲದವರು ಮರಿ ಕುದುರೆ ಸಾಕಬಾರದು" ಅಂತ ತಿಳಿದವರೆಲ್ಲ ಹೇಳ್ತಾರೆ. ಮಾತು ನಿಜ. ಕುದುರೆಗೆ ವಾಂತಿ ಮಾಡೋಕೆ ಬರಲ್ಲ. ಮೇವು ಹೆಚ್ಚುಕಡಿಮೆಯಾಗಿ ಹೊಟ್ಟೆನೋವು ಬಂದ್ರೆ ಪ್ರಾಣಕ್ಕೇ ಸಂಚಕಾರ. ಗೊತ್ತಿಲ್ಲದವನು ಪ್ರೀತಿಯಿಂದಲೇ ಕೊಲ್ಲಬಹುದು. ಆದ್ರೆ ಅನುಭವ ಯಾರ ಹತ್ರ ಇರುತ್ತೆ ಹೇಳಿ? ಜಮೀನಿನ ಥರಾನೇ ಅದೂ ಅಪ್ಪನಿಂದ ಮಗನಿಗೆ ಬರೋ ಆಸ್ತಿ. ಲಾಯದ ಲದ್ದಿ ಬಾಚಿದವರಲ್ಲಿ, ತಡಿಗೆ ಚರ್ಮ ಹದ ಮಾಡಿ ಹೊಲಿದವರಲ್ಲಿ ನಮ್ಮವರು ಎಷ್ಟು ಜನ! ಆ ದುಡಿಮೆಯನ್ನ ಯಾರೂ ಅನುಭವ ಅಂತ ಬರೆದಿಡಲಿಲ್ಲ. ಹಾಗಂತ ಕಲಿಯೋದು ಬೇಡವಾ? ಕಲಿಸೋರು ಇದ್ದಾರೆ. ಚಾಚಾನಂಥವರು ಊರೂರಲ್ಲಿ ಇದ್ದಾರೆ, ಕಡಿಮೆಯಾಗ್ತಾ ಇದ್ದಾರೆ. 2019ರ ಜಾನುವಾರು ಗಣತಿಯಲ್ಲಿ ದೇಶದ ಕುದುರೆ, ತಟ್ಟುಗಳು ಸುಮಾರು 3.4 ಲಕ್ಷ. 2012ಕ್ಕೆ ಹೋಲಿಸಿದ್ರೆ ಶೇ. 45ರಷ್ಟು ಕಮ್ಮಿ. ಪ್ರಾಣಿ ಹೋದ್ರೆ ವಿದ್ಯೆಯೂ ಹೋಗುತ್ತೆ. ಟಾಂಗಾ ನಿಲ್ಲಿಸಿದ ಬಡ ಸಾಬರ ಅಂಗಳದಲ್ಲಿ ಉಳಿದಿರೋ ಆ ವಿದ್ಯೆಯನ್ನ ನಮ್ಮ ಹುಡುಗರು ಹೋಗಿ ಕೇಳಿ ಕಲಿತರೆ ಅದೂ ಒಂದು ಚಳವಳಿ.

"ಆ ದುಡ್ಡಲ್ಲಿ ಮಕ್ಕಳನ್ನ ಓದಿಸಬಹುದಿತ್ತು" ಅಂದವರಿಗೆ: ನನ್ನ ಇಬ್ಬರೂ ಮಕ್ಕಳು ಓದ್ತಾ ಇದ್ದಾರೆ. ಪಕ್ಕದ ಬೀದಿಯವರು ಕಾರು ತಂದಾಗ, ನಾಯಿ ಸಾಕಿದಾಗ ಈ ಲೆಕ್ಕ ಯಾರೂ ಕೇಳಿಲ್ಲ. ನಮ್ಮ ಸಂತೋಷಕ್ಕೆ ಮಾತ್ರ ಯಾಕೆ ಆಡಿಟ್?

"ಕುದುರೆ ಪಾಳೇಗಾರಿಕೆಯ ಗುರುತು" ಅಂದವರಿಗೆ: ಕುದುರೆಗೆ ಜಾತಿ ಗೊತ್ತಿಲ್ಲ ಅಂತ ಸಿನಿಮಾ ಡೈಲಾಗ್ ಹೊಡೆಯಲ್ಲ. ಅದನ್ನ ಗುರುತು ಮಾಡಿಕೊಂಡವರು ಅವರು. ನನಗೆ ಅದು ಬೆಳಿಗ್ಗೆ ಐದೂವರೆಗೆ ಹಸಿವಾಯ್ತು ಅಂತ ಬಾಗಿಲು ಒದೆಯೋ ಪ್ರಾಣಿ.

ಹಕ್ಕು ಅಂದ್ರೆ ಏರಿ ಕೂತು ಫೋಟೊ ತೆಗೆಸಿಕೊಳ್ಳೋದಷ್ಟೇ ಅಲ್ಲ. ನಾಲ್ಕು ವರ್ಷ ಕಾಯೋದಕ್ಕೆ ನಮಗೂ ಸಾಧ್ಯ ಆಗೋದು ಹಕ್ಕು. ಇನ್ನೂ ಸಮಯ ಬಂದಿಲ್ಲ ಅಂತ ಒಡೆಯನಾಗಿ ಹೇಳೋದು ಹಕ್ಕು. ಇಲ್ಲ ಅನ್ನೋ ಅಧಿಕಾರ ಇಲ್ಲದ ಒಡೆತನ ಬರೀ ಬಾಡಿಗೆ.

ಏಪ್ರಿಲ್ 14ರಂದು ನಾನು ಬರ್ತೀನಿ, ಬಾವುಟ ಹಿಡಿದು ನಡ್ಕೊಂಡೇ ಬರ್ತೀನಿ. ನೀಲಿ ಮನೇಲಿ ಹುಲ್ಲು ಮೇಯ್ತಾ ಇರ್ತಾಳೆ. ಕುದುರೆ ಬೇಕು ಅನ್ನೋ ಹುಡುಗ ಹುಡುಗೀರು ಭಾನುವಾರ ಬೆಳಿಗ್ಗೆ ಆರೂವರೆಗೆ ನಮ್ಮ ತೋಟಕ್ಕೆ ಬನ್ನಿ. ಕಾಲು ಮುಚ್ಚೋ ಶೂ ಹಾಕ್ಕೊಂಡು ಬನ್ನಿ, ಮೊಬೈಲ್ ಜೇಬಲ್ಲಿರಲಿ. ಚಾಚಾನೂ ಇರ್ತಾರೆ. ಮೊದಲ ಪಾಠ ಲದ್ದಿ ಎತ್ತೋದು. ಈ ಸಲ ನಮ್ಮದೇ ಕುದುರೆಯ ಲದ್ದಿ.

ಜೈ ಭೀಮ್.