ಬೀಜಾಂಕುರ ನ್ಯಾಯವೂ ಗೃಹಿಣಿಯ ಕಣಜವೂ

ಬೀಜದಿಂದ ಅಂಕುರ, ಅಂಕುರದಿಂದ ಪುನಃ ಬೀಜ. ಈ ಪರಂಪರೆಗೆ ಆದಿಯಿಲ್ಲವೆಂದು ನಮ್ಮ ತಾರ್ಕಿಕರು ಹೇಳುವರು. ಆದಿಯಿಲ್ಲದಿದ್ದರೂ ಅಂತ್ಯವುಂಟೆಂಬುದನ್ನು ಒಕ್ಕಲಿನವರು ಬಲ್ಲರು. ಕೆಲವು ವರ್ಷ ಬಿತ್ತದೆ ಕಣಜದಲ್ಲಿಯೇ ಬಿಟ್ಟ ಭತ್ತವು ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದು. ಅನೇಕ ತಲೆಮಾರುಗಳು ಕಾಪಾಡಿಕೊಂಡು ಬಂದ ತಳಿಯೊಂದು ಹೀಗೆ ಸದ್ದಿಲ್ಲದೆ ಅಳಿದುಹೋಗುವುದು.

ಈ ಪರಂಪರೆಯು ಕಡಿದುಹೋಗದಂತೆ ಕಾಯ್ದವರಲ್ಲಿ ಒಡಿಶಾದ ಕೊರಾಪುಟ ಸೀಮೆಯ ಆದಿವಾಸಿ ಸ್ತ್ರೀಯರು ಸ್ಮರಣೀಯರು. ಪೂರ್ವಘಟ್ಟದ ಆ ಪ್ರದೇಶದಲ್ಲಿ ಎತ್ತರದ ಹೊಲಕ್ಕೆ ಬೇಗನೆ ಮಾಗುವ ಭತ್ತ, ತಗ್ಗಿನ ಗದ್ದೆಗೆ ತಡವಾಗಿ ಮಾಗುವ ಭತ್ತ, ಹೀಗೆ ನೆಲಕ್ಕೆ ತಕ್ಕ ತಳಿಯುಂಟು. ಮಳೆ ತಪ್ಪಿ ಒಂದು ಕೆಟ್ಟರೆ ಮತ್ತೊಂದು ಮನೆಯವರ ಹಸಿವನ್ನು ಕಳೆಯುವುದು. ಹೆಂಗಸರು ತುಂಬಿದ ತೆನೆಗಳನ್ನು ಆರಿಸಿ, ಬೆರಕೆಯನ್ನು ತೆಗೆದು, ಬಿಸಿಲಿನಲ್ಲಿ ಒಣಗಿಸಿ, ಹುಳು ಹತ್ತದಂತೆ ಜೋಪಾನಮಾಡುವರು. ನೆರೆಯವಳೊಡನೆ ಬೀಜವನ್ನು ಕೊಟ್ಟು ತಂದು ಮಾಡುವುದರಿಂದ, ಒಬ್ಬಳ ಮನೆಯಲ್ಲಿ ಕೆಟ್ಟುದು ಮತ್ತೊಬ್ಬಳ ಮನೆಯಲ್ಲಿ ಉಳಿದಿರುವುದು.

ಆ ಸೀಮೆಯ ಕಮಲಾ ಪೂಜಾರಿಯವರು ನೂರಕ್ಕೂ ಮಿಕ್ಕ ದೇಶೀಯ ಭತ್ತದ ತಳಿಗಳನ್ನು ಸಂಗ್ರಹಿಸಿ ಉಳಿಸಿದರು. ಸರ್ಕಾರವು ಅವರಿಗೆ ೨೦೧೯ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ೨೦೨೪ರ ಜುಲೈಯಲ್ಲಿ ಅವರು ಕಾಲವಾದರು. ಕೊರಾಪುಟದ ಪಾರಂಪರಿಕ ಬೇಸಾಯವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ೨೦೧೨ರಲ್ಲಿಯೇ ಜಗತ್ತಿನ ಮಹತ್ವದ ಪರಂಪರೆಗಳಲ್ಲಿ ಒಂದೆಂದು ಮನ್ನಿಸಿತು. ಅಲ್ಲಿಯ ಪರಿಮಳದ ಕಾಳಜೀರ ಅಕ್ಕಿಗೆ ೨೦೨೪ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಆದರೆ ಮಾನ್ಯತೆಯೊಂದರಿಂದಲೇ ಬೀಜವು ಮೊಳೆಯದು. ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡಿಕೊಳ್ಳುವ ಹಕ್ಕು ರೈತರಿಗೆ ೨೦೦೧ರ ಕಾಯಿದೆಯಿಂದ ಲಭಿಸಿದೆ. ಹಕ್ಕನ್ನು ಕಾಯಿದೆಯು ಕೊಟ್ಟೀತು. ತೆನೆಯನ್ನು ಆರಿಸುವ ಕಣ್ಣನ್ನು ತಾಯಿಯೇ ಮಗಳಿಗೆ ಕೊಡಬೇಕು. ಶೀತಲ ಭಂಡಾರಗಳಲ್ಲಿ ಬೀಜವು ದೀರ್ಘಕಾಲ ಉಳಿಯುವುದು ನಿಜ. ಆದರೆ ಅದನ್ನು ಯಾವ ನೆಲದಲ್ಲಿ ಬಿತ್ತಬೇಕು, ಗಂಜಿಗೆ ಯಾವುದು, ಹಬ್ಬದ ಅಡಿಗೆಗೆ ಯಾವುದು ಎಂಬ ತಿಳಿವಳಿಕೆಯು ಭಂಡಾರದಲ್ಲಿ ಉಳಿಯದು.

ಇದು ದೂರದ ಬೆಟ್ಟದವರ ಮಾತೆಂದು ವಾಚಕರು ಉದಾಸೀನ ಮಾಡಬಾರದು. ಉಣ್ಣುವವರಿಲ್ಲದ ತಳಿಯನ್ನು ಬಿತ್ತುವವರೂ ಇರಲಾರರು. ನಮ್ಮ ನಾಡಿನ ರಾಜಮುಡಿ, ರತ್ನಚೂಡಿಗಳಿಗೂ ಇದೇ ನಿಯಮ. ತಿಂಗಳಲ್ಲಿ ನಾಲ್ಕು ದಿನವಾದರೂ ಇಂತಹ ಅಕ್ಕಿಯನ್ನು ಕೇಳಿ ಕೊಳ್ಳೋಣ. ಹೊಲವುಳ್ಳವರು ಬೀಜವನ್ನು ಆರಿಸುವಾಗ ಮನೆಯಾಕೆಯ ಮಾತನ್ನು ಮೊದಲು ಕೇಳತಕ್ಕದ್ದು. ತಳಿಯ ಗುಣವನ್ನು ದಿನವೂ ಒಲೆಯ ಮೇಲೆ ಪರೀಕ್ಷಿಸುತ್ತಿರುವವಳು ಅವಳೇ ಅಲ್ಲವೆ?